ರಷ್ಯಾದ ಆರ್ಥಿಕತೆಯ ಬಗ್ಗೆ ಪ್ರಬಂಧ ಬರೆಯುವವರು ಅನುಸರಿಸಬಹುದಾದ ಕ್ರಮ

ಚಿಕ್ಕಮಗಳೂರಿನಲ್ಲಿ ಅರ್ಥಶಾಸ್ತ್ರ ಓದುವ ವಿದ್ಯಾರ್ಥಿಗಳು ರಷ್ಯಾದ ಕುರಿತು ಬರೆದು ತರುವ ಪ್ರಬಂಧಗಳಲ್ಲಿ ‘ಭ್ರಷ್ಟಾಚಾರದಿಂದಾಗಿ ಆಧುನೀಕರಣ ವಿಫಲವಾಯಿತು’ ಎಂಬ ಸಾಲು ತಪ್ಪದೆ ಇರುತ್ತದೆ. ಅದು ಸುಳ್ಳಲ್ಲವಾದರೂ ಯಾವ ದೇಶದ ಬಗ್ಗೆ ಬೇಕಾದರೂ ಬರೆಯಬಹುದಾದ ಸಾಲು. ಆ ದೇಶಕ್ಕೇ ವಿಶಿಷ್ಟವಾದ ತೊಡಕುಗಳನ್ನು ಹಿಡಿಯಬೇಕೆಂದರೆ ಬೇರೆ ಕಡೆಯಿಂದ ಹೊರಡಬೇಕು.

ಮೊದಲಿಗೆ ಒಂದೇ ಹಾಳೆಯ ಮೇಲೆ ಕಚ್ಚಾ ತೈಲದ ಬೆಲೆಯನ್ನೂ ಆರ್ಥಿಕ ಬೆಳವಣಿಗೆಯನ್ನೂ ಎರಡು ಗೆರೆಗಳಾಗಿ ಎಳೆಯಿರಿ. 2008ರ ಜುಲೈನಲ್ಲಿ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿದ್ದ ತೈಲ ಅದೇ ವರ್ಷದ ಕೊನೆಗೆ 40 ಡಾಲರಿಗಿಂತ ಕೆಳಗಿಳಿಯಿತು. ಮರುವರ್ಷ ರಷ್ಯಾದ ಒಟ್ಟು ಉತ್ಪನ್ನ ಶೇ. 7.8ರಷ್ಟು ಕುಗ್ಗಿತು. ಈ ಏರಿಳಿತ ಕಾಫಿ ನಾಡಿನವರಿಗೆ ಹೊಸದಲ್ಲ. 1994ರಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳು ಕೊರೆಯುವ ಇಬ್ಬನಿಗೆ ಸುಟ್ಟು ಬೆಲೆ ಏರಿದಾಗ, ಇಲ್ಲಿ ಯಾರೂ ಹೆಚ್ಚಿನ ಕೆಲಸ ಮಾಡದಿದ್ದರೂ, ಮೂಡಿಗೆರೆ, ಸಕಲೇಶಪುರದ ಬೆಳೆಗಾರರ ಕೈಯಲ್ಲಿ ಹಣ ಓಡಾಡಿತು.

ಎರಡನೆಯದಾಗಿ, ಬಂದ ಹಣ ಉಳಿದ ಕಸುಬುಗಳನ್ನು ಏನು ಮಾಡಿತೆಂದು ನೋಡಿ. ತೈಲದ ಡಾಲರ್ ಹರಿದುಬಂದಾಗ ರೂಬಲ್ ಬಲವಾಗುತ್ತದೆ, ಆಮದು ಅಗ್ಗವಾಗುತ್ತದೆ, ಕೂಲಿ ಏರುತ್ತದೆ, ಊರಿನ ಕಾರ್ಖಾನೆ ಸೊರಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಅನಿಲ ಸಿಕ್ಕ ಮೇಲೆ ಕಂಡ ಈ ಬೇನೆಗೆ 1977ರಲ್ಲಿ ‘ಡಚ್ ರೋಗ’ ಎಂಬ ಹೆಸರು ಬಿತ್ತು. ಕಾಫಿಗೆ ಬೆಲೆ ಬಂದ ವರ್ಷ ಗದ್ದೆ ನಾಟಿಗೆ ಆಳು ಸಿಗದೆ ಗದ್ದೆ ಪಾಳು ಬೀಳುವುದನ್ನು ಕಂಡವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿಲ್ಲ.

ಆದರೆ ಇಲ್ಲಿಗೇ ನಿಂತರೆ ಪ್ರಬಂಧ ಅರ್ಧವಾಗುತ್ತದೆ. ಹೆಚ್ಚು ಸಮಯ ಕೊಡಬೇಕಾದದ್ದು ಭೂಪಟಕ್ಕೆ. ಸೋವಿಯತ್ ಕಾಲದಲ್ಲಿ ಕಾರ್ಖಾನೆ ಎಲ್ಲಿರಬೇಕೆಂಬುದನ್ನು ಸಾಗಣೆಯ ಖರ್ಚಾಗಲಿ ಮಾರುಕಟ್ಟೆಯಾಗಲಿ ತೀರ್ಮಾನಿಸಲಿಲ್ಲ, ಸರ್ಕಾರದ ಯೋಜನೆ ತೀರ್ಮಾನಿಸಿತು. ಅದರಿಂದ ಒಂದೇ ಕಾರ್ಖಾನೆಯನ್ನು ನಂಬಿದ ನೂರಾರು ಪಟ್ಟಣಗಳು ಹುಟ್ಟಿಕೊಂಡವು. ಲೆನಿನ್‌ಗ್ರಾದ್ ಪ್ರಾಂತ್ಯದ ಪಿಕಾಲ್ಯೊವೊದಲ್ಲಿ ಅಲ್ಯೂಮಿನಾ, ಸಿಮೆಂಟು, ಪೊಟ್ಯಾಷ್ ಒಂದೇ ಘಟಕದಲ್ಲಿ ತಯಾರಾಗುತ್ತಿದ್ದವು. ಖಾಸಗೀಕರಣದ ನಂತರ ಅವು ಮೂವರು ಮಾಲೀಕರ ಪಾಲಾದವು. ಕಚ್ಚಾವಸ್ತುವಿನ ದರ ಅವರೊಳಗೆ ಕುದುರದೆ ಕೆಲಸ ನಿಂತಿತು. ಸಂಬಳ ಕಾಣದ ಕಾರ್ಮಿಕರು 2009ರ ಜೂನ್‌ನಲ್ಲಿ ಹೆದ್ದಾರಿ ತಡೆದರು. ಪ್ರಧಾನಿಯಾಗಿದ್ದ ಪುಟಿನ್ ಸ್ವತಃ ಬಂದು ಟಿವಿ ಕ್ಯಾಮೆರಾಗಳ ಮುಂದೆ ಮಾಲೀಕರಿಂದ ಸಹಿ ಹಾಕಿಸಿದರು. ಕಾರ್ಖಾನೆಗಳು ಮತ್ತೆ ನಡೆದವು. ಆದರೆ ದರವನ್ನು ನಿಗದಿಪಡಿಸಿದ್ದು ಮಾರುಕಟ್ಟೆಯೂ ಅಲ್ಲ, ನ್ಯಾಯಾಲಯವೂ ಅಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಸಮಸ್ಯೆ ಈ ಒಂದು ಘಟನೆಯಲ್ಲಿದೆ.

ಹೋಲಿಕೆಗೆ ಕುದುರೆಮುಖಕ್ಕೆ ಹೋಗಿಬನ್ನಿ. ಇರಾನಿನ ಹಣ ನೆಚ್ಚಿ 1976ರಲ್ಲಿ ಹುಟ್ಟಿದ ಕಂಪನಿಯ ಆ ಕಬ್ಬಿಣದ ಅದಿರಿನ ಗಣಿ, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತು. ಬೀಗ ಬಿದ್ದ ಮನೆಗಳ ಸಾಲು, ಗೋಡೆಗೆ ಹತ್ತಿದ ಪಾಚಿ ನೋಡಿದರೆ ಒಂದೇ ಅದಿರಿನ ಊರು ಎಂದರೇನೆಂದು ತಿಳಿಯುತ್ತದೆ. ಆದರೂ ಅಲ್ಲಿನವರಿಗೆ ಘಟ್ಟ ಇಳಿದರೆ ಮಂಗಳೂರಿತ್ತು. ಸೈಬೀರಿಯದ ನಿಕ್ಕಲ್ ಗಣಿಯ ಪಟ್ಟಣ ನೊರಿಲ್ಸ್ಕ್‌ಗೆ ದೇಶದ ಉಳಿದ ಭಾಗದಿಂದ ರಸ್ತೆಯೇ ಇಲ್ಲ.

ನಂತರ ನಮ್ಮ ಕಾಫಿ ಪೂಲನ್ನು ನೆನಪಿಸಿಕೊಳ್ಳಿ. ಬೆಳೆದದ್ದನ್ನೆಲ್ಲ ಸರ್ಕಾರದ ಕಾಫಿ ಮಂಡಳಿಗೆ ಒಪ್ಪಿಸಿ ಕಂತುಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದ ಆ ಕಾಲದಲ್ಲಿ ಸೋವಿಯತ್ ಒಕ್ಕೂಟವೇ ದೊಡ್ಡ ಗಿರಾಕಿಯಾಗಿತ್ತು. 1992ರಿಂದ 1996ರವರೆಗೆ ಹಂತಹಂತವಾಗಿ ಮಾರಾಟ ಮುಕ್ತವಾದಾಗ ಬೆಳೆಗಾರರು ತಡವರಿಸಿದರೂ ನಿಂತರು. ಮಾರಾಟ ಮಾತ್ರ ಕೇಂದ್ರದ ಕೈಲಿತ್ತು. ತೋಟ, ಆಳುಕಾಳು, ಲೆಕ್ಕಪುಸ್ತಕ ಎಲ್ಲವೂ ಅವರವೇ ಆಗಿದ್ದವು. ರಷ್ಯಾದಲ್ಲಿ 1992ರ ಜನವರಿ 2ರಂದು ಬಹುತೇಕ ಬೆಲೆಗಳನ್ನು ಒಂದೇ ದಿನ ಬಿಟ್ಟಾಗ, ಏನನ್ನು ಎಷ್ಟು ತಯಾರಿಸಬೇಕೆಂದು ಸ್ವತಃ ನಿರ್ಧರಿಸಿ ಅಭ್ಯಾಸವಿದ್ದ ಕಾರ್ಖಾನೆಯ ಮುಖ್ಯಸ್ಥರು ಅಪರೂಪ. ಆ ವರ್ಷ ಬೆಲೆಗಳು ಇಪ್ಪತ್ತೈದು ಪಟ್ಟಿಗೂ ಮೀರಿ ಏರಿ, ಜನರ ಉಳಿತಾಯ ಕರಗಿಹೋಯಿತು. ನಷ್ಟವಾದರೆ ಸರ್ಕಾರ ತುಂಬಿಕೊಡುತ್ತದೆಂಬ ಹಳೆಯ ನಂಬಿಕೆ ಮಾತ್ರ ಕರಗಲಿಲ್ಲ. ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ ಅದನ್ನು ಬಜೆಟ್ಟಿನ ಮೆದುತನವೆಂದು ಗುರುತಿಸಿದ್ದರು.

ಕೊನೆಗೆ ಸುಧಾರಣೆಯ ಘೋಷಣೆಗಳನ್ನು ಅವುಗಳ ತಾರೀಖಿನ ಸಮೇತ ಮೊದಲಿನ ಹಾಳೆಯ ಮೇಲೆಯೇ ಗುರುತಿಸಿ. ಕಚ್ಚಾವಸ್ತುಗಳ ಮೇಲಿನ ಅವಲಂಬನೆ ಅವಮಾನಕರವೆಂದು ಅಧ್ಯಕ್ಷ ಮೆಡ್ವೆಡೆವ್ ಲೇಖನ ಬರೆದದ್ದು 2009ರ ಸೆಪ್ಟೆಂಬರಿನಲ್ಲಿ. ಮಾಸ್ಕೋ ಬಳಿ ಸ್ಕೋಲ್ಕೊವೊ ತಂತ್ರಜ್ಞಾನ ಕೇಂದ್ರದ ಯೋಜನೆ ಹೊರಬಿದ್ದದ್ದು 2010ರಲ್ಲಿ. ಅದರ ಪಕ್ಕದಲ್ಲೇ, ಯೂಕೋಸ್ ತೈಲ ಕಂಪನಿಯ ಮಾಲೀಕ ಖೊಡೊರ್ಕೊವ್ಸ್ಕಿ 2003ರಲ್ಲಿ ಬಂಧನಕ್ಕೊಳಗಾಗಿ ಕಂಪನಿ ಚೂರಾದದ್ದನ್ನೂ ಬರೆದುಕೊಳ್ಳಿ. ಆಸ್ತಿ ನಾಳೆಗೆ ತನ್ನದೇ ಎಂಬ ಭರವಸೆಯಿಲ್ಲದವನು ಹತ್ತು ವರ್ಷಕ್ಕೆ ಫಲ ಕೊಡುವ ಯಂತ್ರಕ್ಕೆ ದುಡ್ಡು ಹಾಕುವುದಿಲ್ಲ. ತೈಲದ ಆದಾಯವನ್ನು ಕೂಡಿಡಲು 2004ರಲ್ಲಿ ಮಾಡಿದ ಸ್ಥಿರೀಕರಣ ನಿಧಿಯನ್ನು ಹೊಗಳುವುದು ನ್ಯಾಯವೇ, ತೈಲ ಬೆಲೆ ಕುಸಿದಾಗ ಸರ್ಕಾರವನ್ನು ಉಳಿಸಿದ್ದು ಅದರಲ್ಲಿ ಕೂಡಿಟ್ಟ ಹಣವೇ. ಸುಧಾರಣೆಯ ಒತ್ತಡವನ್ನು ತಗ್ಗಿಸಿದ್ದೂ ಅದೇ ಎಂಬುದು ನನ್ನ ಅನುಮಾನ.

ಪ್ರಬಂಧವನ್ನು 2021ಕ್ಕೆ ನಿಲ್ಲಿಸುವುದು ಒಳ್ಳೆಯದು. ಉಕ್ರೇನ್ ಯುದ್ಧದ ನಂತರ ರಷ್ಯಾ ಹಲವು ಅಂಕಿಅಂಶಗಳ ಪ್ರಕಟಣೆಯನ್ನು ನಿಲ್ಲಿಸಿರುವುದರಿಂದ, ಮುಂದಿನ ವರ್ಷಗಳನ್ನು ಅದೇ ಗೆರೆಗೆ ಜೋಡಿಸಿದರೆ ಲೆಕ್ಕ ತಪ್ಪುತ್ತದೆ.