ಮೊಂಟೇನ್‌ನ ನರಭಕ್ಷಕರ ಪ್ರಬಂಧ ಓದೋದು ಹೇಗೆ

ಹದಿನಾರನೇ ಶತಮಾನದ ಫ್ರೆಂಚ್ ಪ್ರಬಂಧಕಾರ ಮೊಂಟೇನ್‌ನ ಓದ್ಬೇಕು ಅಂತಿರೋರು ದಯವಿಟ್ಟು ಮೊದಲ ಪುಟದಿಂದ ಶುರು ಮಾಡ್ಬೇಡಿ, ಒಟ್ಟು 107 ಪ್ರಬಂಧ ಇವೆ, ಅರ್ಧ ದಾರೀಲೇ ಕೈಬಿಡ್ತೀರ. ಸೀದಾ ಮೊದಲ ಸಂಪುಟದಲ್ಲಿ ಬ್ರೆಜಿಲ್‌ನ ಮೂಲನಿವಾಸಿಗಳ ಬಗ್ಗೆ ಇರೋ ನರಭಕ್ಷಕರ ಪ್ರಬಂಧಕ್ಕೆ ಹೋಗಿ, ಅಧ್ಯಾಯ 31, ಕೆಲವು ಎಡಿಷನ್‌ನಲ್ಲಿ 30.

ಓದೋ ಮುಂಚೆ ಕಾಲ ತಲೇಲಿಟ್ಕೊಳ್ಳಿ. ಇದು ಅಚ್ಚಾಗಿದ್ದು 1580ರಲ್ಲಿ, ಫ್ರಾನ್ಸಲ್ಲಿ ಕ್ಯಾಥೊಲಿಕ್ಕರು ಪ್ರಾಟೆಸ್ಟಂಟರು ಕಡಿದಾಡ್ತಿದ್ದ ಕಾಲ, ಕ್ಯಾಥೊಲಿಕ್ಕರು ಸಾವಿರಾರು ಪ್ರಾಟೆಸ್ಟಂಟರನ್ನ ಕೊಂದ 1572ರ ಸೇಂಟ್ ಬಾರ್ತೊಲೊಮ್ಯೂ ಹತ್ಯಾಕಾಂಡ ಆಗಿ ಎಂಟೇ ವರ್ಷ. ಇದು ಗೊತ್ತಿಲ್ದೆ ಓದಿದ್ರೆ ಬರೀ ಬ್ರೆಜಿಲ್ ಕತೆ ಅನ್ಸತ್ತೆ.

ಒಂದು ಪೆನ್ಸಿಲ್ ತಗೊಂಡು "ಬರ್ಬರ" ಅನ್ನೋ ಮಾತು ಬಂದಲ್ಲೆಲ್ಲಾ ಗೆರೆ ಹಾಕಿ, ಯಾರ ಬಗ್ಗೆ ಹೇಳ್ತಿದಾನೆ ಅಂತ ಪಕ್ಕದಲ್ಲಿ ಬರೀರಿ. ಮೊದಲು ತನ್ನ ರೂಢಿಯಲ್ಲಿ ಇಲ್ಲದ್ದನ್ನೆಲ್ಲ ಜನ ಬರ್ಬರ ಅಂತಾರೆ ಅಂತಾನೆ, ಆಮೇಲೆ ಶತ್ರುವನ್ನ ಕೊಂದು ತಿನ್ನೋ, ಬ್ರೆಜಿಲ್‌ನ ಟುಪಿನಂಬಾ ಜನರ ಪದ್ಧತಿ ಘೋರಾನೇ ಅಂತ ಒಪ್ಕೊಳ್ತಾನೆ, ಅಲ್ಲಿಂದ ಮಾತು ಅವನ ಸ್ವಂತ ಊರಿನ ಕಡೆಗೆ ತಿರುಗತ್ತೆ: ಸತ್ತೋನನ್ನ ತಿನ್ನೋದಕ್ಕಿಂತ ಬದುಕಿರೋನನ್ನ ಚಿತ್ರಹಿಂಸೆ ಕೊಟ್ಟು, ಸುಟ್ಟು, ನಾಯಿ ಹಂದಿಗಳಿಂದ ಕಚ್ಚಿಸೋದು ದೊಡ್ಡ ಬರ್ಬರತೆ, ಅದೂ ಧರ್ಮದ ಹೆಸರಲ್ಲಿ, ಅಕ್ಕಪಕ್ಕದ ಮನೆಯವರೇ ಮಾಡ್ತಿರೋದು ಅಂತ. ಈ ಪ್ಯಾರಾ ಎರಡು ಸಲ ಓದಿ. ನನಗೆ ಇಡೀ ಪ್ರಬಂಧ ಇರೋದೇ ಇದಕ್ಕೋಸ್ಕರ ಅನ್ಸತ್ತೆ.

ಬಹಳ ಜನ ತಪ್ಪೋದು ಇಲ್ಲೇ, ಕಾಡಿನ ಜನ ಮುಗ್ಧರು ನಾಗರಿಕರು ಕೆಟ್ಟೋರು ಅಂತ ಓದ್ಬಿಡ್ತಾರೆ. ಆ ಜನರಿಗೆ ವ್ಯಾಪಾರ ಇಲ್ಲ, ಬಡವ ಬಲ್ಲಿದ ಇಲ್ಲ ಅಂತೆಲ್ಲ ಅವನು ಹೊಗಳೋದು ನಿಜ, ಆದ್ರೆ ಅವನು ಬ್ರೆಜಿಲ್‌ಗೆ ಹೋದೋನಲ್ಲ, ಅಲ್ಲಿ ಹತ್ತು ಹನ್ನೆರಡು ವರ್ಷ ಇದ್ದು ಬಂದಿದ್ದ ಆಳಿನಿಂದ ಕೇಳಿದ್ದೇ ಜಾಸ್ತಿ. ಆ ಭಾಗಾನ ಸ್ವಲ್ಪ ಹುಷಾರಾಗಿ ಓದಿ.

ಕೊನೆಗೆ ಫ್ರಾನ್ಸಿನ ರೂವಾನ್ ಊರಿನ ಪ್ರಸಂಗ ಬರತ್ತೆ, ಅಲ್ಲಿ ಆತುರ ಬೇಡ. ಅಲ್ಲಿಗೆ ಬಂದಿದ್ದ ಮೂವರು ಬ್ರೆಜಿಲ್ ಜನರನ್ನ ಇಲ್ಲಿ ಏನು ಆಶ್ಚರ್ಯ ಅನ್ಸಿತು ಅಂತ ಕೇಳ್ತಾರೆ. ಗಡ್ಡ ಬಿಟ್ಟ, ಆಯುಧ ಹಿಡಿದ ಗಟ್ಟಿ ಗಂಡಸರು ಒಬ್ಬ ಹುಡುಗನ ಮಾತು ಕೇಳೋದು ಯಾಕೆ ಅನ್ನೋದು ಒಂದು (ಆಗ, ಅಂದ್ರೆ 1562ರಲ್ಲಿ, ಫ್ರಾನ್ಸಿನ ರಾಜ ಒಂಬತ್ತನೇ ಚಾರ್ಲ್ಸ್‌ಗೆ ಹನ್ನೆರಡು ವರ್ಷ). ಇನ್ನೊಂದು, ಕೆಲವರು ಹೊಟ್ಟೆ ತುಂಬಿ ಕೂತಿರೋವಾಗ ಅವರ ಬಾಗಿಲಲ್ಲೇ ಹಸಿದು ಬೇಡ್ತಿರೋರು ಅವರ ಕುತ್ತಿಗೆ ಹಿಡೀದೆ ಹೇಗೆ ಸುಮ್ಮನಿದಾರೆ ಅಂತ. ಮೂರನೇದು ಮರ್ತೋಯ್ತು ಅಂತಾನೆ ಮೊಂಟೇನ್.

ಇದು ಹಿಡಿಸಿದ್ರೆ 1588ರಲ್ಲಿ ಬಂದ ಮೂರನೇ ಸಂಪುಟದ ಸಾರೋಟುಗಳ ಪ್ರಬಂಧ ತೆಗೀರಿ. ಹೆಸರು ನೋಡಿ ಬಿಟ್ಬಿಡ್ಬೇಡಿ, ಮುತ್ತು ಮೆಣಸಿನ ವ್ಯಾಪಾರಕ್ಕೋಸ್ಕರ ಅಮೆರಿಕದ ಊರೂರೇ ನೆಲಸಮ ಆಗಿದ್ದನ್ನ ಅಲ್ಲಿ ಬರ್ದಿದಾನೆ, ಆ ಪುಟಗಳಲ್ಲಿ ಅವನ ಸಿಟ್ಟು ಇನ್ನೂ ಆರಿಲ್ಲ.