ಮನೆಯಲ್ಲಿ ಕಟ್ಟಿದ ವಿಮಾನದ ಬಾಗಿಲಿಗೆ ಅಗಳಿ ಕೂರಿಸುವ ಕ್ರಮ

ವ್ಯಾನ್ಸ್ ಆರ್‌ವಿ-10ರಂಥ ಕಿಟ್ ವಿಮಾನಗಳ (ಬಿಡಿಭಾಗ ತರಿಸಿ ನಾವೇ ಜೋಡಿಸುವ ವಿಮಾನ) ಬಾಗಿಲು ಮೇಲಕ್ಕೆ ತೆರೆಯುತ್ತದೆ. ಬಿಜಾಗರಿ ಚಾವಣಿಯಲ್ಲಿ, ಕೆಳಗೆ ಒಂದು ಹಿಡಿಕೆ ತಿರುಗಿಸಿದರೆ ಮುಂದೊಂದು ಹಿಂದೊಂದು ಅಗಳಿ ಚಾಚಿ ಚೌಕಟ್ಟಿನ ತೂತಿಗೆ ಹೋಗುತ್ತದೆ. ಇಂಥ ಬಾಗಿಲು ಹಾರಾಟದಲ್ಲೇ ಕಿತ್ತುಹೋದದ್ದುಂಟು. ಅದಕ್ಕೆ ದಾರಿ ಮಾಡುವ ತಪ್ಪು ಬಹಳ ಸಣ್ಣದು: ಹಿಡಿಕೆ ಪೂರ್ತಿ ತಿರುಗಿರುತ್ತದೆ, ಮುಂದಿನ ಅಗಳಿ ತೂತಿನಲ್ಲಿರುತ್ತದೆ, ಹಿಂದಿನದು ಮಾತ್ರ ಚೌಕಟ್ಟಿನ ಹೊರಮೈಗೆ ಆತುಕೊಂಡು ನಿಂತಿರುತ್ತದೆ. ಸೀಟಿನಲ್ಲಿ ಕೂತವರ ಕೈಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಕೆಳಗಿನ ಕೆಲಸವೆಲ್ಲ ಹಿಡಿಕೆಯನ್ನಲ್ಲ, ಅಗಳಿಯ ತುದಿಯನ್ನು ನಂಬಿ ಮಾಡುವಂಥದ್ದು.

ಎದುರುಗಾಳಿ ಬಾಗಿಲನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ ಎಂದು ತಿಳಿಯಬೇಡಿ. ಉಬ್ಬಿದ ಕ್ಯಾಬಿನ್ ಮೇಲೆ ಗಾಳಿ ವೇಗವಾಗಿ ಹರಿದು ಹೊರಗಿನ ಒತ್ತಡ ಇಳಿಯುತ್ತದೆ, ಒಳಗಿನ ಗಾಳಿ ಬಾಗಿಲನ್ನು ಹೊರಕ್ಕೆ ನೂಕುತ್ತದೆ. 100 ನಾಟ್ (ಗಂಟೆಗೆ ಸುಮಾರು 185 ಕಿಲೋಮೀಟರ್) ವೇಗದಲ್ಲಿ ಗಾಳಿಯ ಚಲನ ಒತ್ತಡ ಚದರ ಮೀಟರಿಗೆ ಸುಮಾರು 165 ಕಿಲೋ. 0.6 ಚದರ ಮೀಟರಿನ ಬಾಗಿಲಿಗೆ ಅಷ್ಟನ್ನೂ ಲೆಕ್ಕ ಹಿಡಿದರೆ ಒಂದು ಕ್ವಿಂಟಲ್ ಜೋಳದ ಚೀಲದ ಭಾರ. 140 ನಾಟ್‌ಗೆ ಅದು ಸುಮಾರು 195 ಕಿಲೋ ಆಗುತ್ತದೆ. ಇದರ ಒಂದೂವರೆ ಪಟ್ಟು ಭಾರ ಲೆಕ್ಕಕ್ಕಿಟ್ಟುಕೊಂಡು ಬಿಜಾಗರಿ, ಅಗಳಿಗಳ ಗಟ್ಟಿತನ ನೋಡಿ.

ಮೊದಲು ರಬ್ಬರ್ ಸೀಲ್, ಆಮೇಲೆ ತೂತು. ಈ ಕ್ರಮ ತಪ್ಪಿಸಬೇಡಿ. ತೂತು ಕೊರೆದ ಮೇಲೆ ಸೀಲ್ ಅಂಟಿಸಿದರೆ ಬಾಗಿಲು ಮೂರ್ನಾಲ್ಕು ಮಿಲಿಮೀಟರ್ ಹೊರಗೆ ನಿಲ್ಲುತ್ತದೆ, ಅಗಳಿ ತೂತಿನ ಅಂಚಿಗೆ ಬಡಿಯುತ್ತದೆ. ಒಳಗೆ ಪೊಳ್ಳಿರುವ ಮೆತ್ತನೆಯ ಸೀಲ್ ಬೇಕು, ಒತ್ತಿದಾಗ ಅರ್ಧಕ್ಕೆ ಕುಗ್ಗಬೇಕು. ಗಟ್ಟಿ ಸೀಲ್ ಹಾಕಿದರೆ ಹಿಂದಿನ ಮೂಲೆ ಹೊರಕ್ಕೆ ಬಾಗುತ್ತದೆ, ಅಗಳಿ ತಪ್ಪುವುದು ಅಲ್ಲಿಯೇ. ಪರೀಕ್ಷೆಗೆ ಹಳೆಯ ಪೇಪರ್ ಸಾಕು. ಎರಡು ಬೆರಳಗಲದ ಪಟ್ಟಿಗಳನ್ನು 10 ಸೆಂಟಿಮೀಟರಿಗೊಂದರಂತೆ ಇಟ್ಟು ಬಾಗಿಲು ಹಾಕಿ ಒಂದೊಂದೇ ಎಳೆಯಿರಿ. ಎಲ್ಲವೂ ಒಂದೇ ಬಿಗಿಯಲ್ಲಿ ಜಾರಿ ಬರಬೇಕು. ಒಂದು ಹರಿದರೆ ಅಲ್ಲಿ ಸೀಲ್ ದಪ್ಪ, ಒಂದು ಸರಕ್ಕನೆ ಬಂದರೆ ಅಲ್ಲಿ ಸಂದಿ ಇದೆ.

ಕಿಟ್‌ನಲ್ಲಿ ಅಗಳಿ ಬಂದಿದ್ದರೆ ಅದರ ನಕ್ಷೆಯ ಅಳತೆಯನ್ನೇ ಪಾಲಿಸಿ. ಸ್ವಂತ ವಿನ್ಯಾಸವಾದರೆ 12 ಮಿಲಿಮೀಟರಿನ ಇಎನ್8 (ಮಧ್ಯಮ ಇಂಗಾಲದ ಉಕ್ಕು) ಸರಳಿನಿಂದ ಆರಂಭಿಸಿ ಮೇಲಿನ ಲೆಕ್ಕಕ್ಕೆ ಹೋಲಿಸಿ. ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಕೆಲಸದವರಿಗೆ ಇದು ಗುರುತಿರುವ ಮಾಲು. ತುದಿಯ 10 ಮಿಲಿಮೀಟರನ್ನು ಚೂಪಾಗಿ ಇಳಿಜಾರು ಮಾಡಿಸಿ, ಸರಳಿಗೆ ಜಿಂಕ್ ಪ್ಲೇಟಿಂಗ್ ಹಾಕಿಸಿ. ಚೌಕಟ್ಟಿಗೆ 12.3 ಮಿಲಿಮೀಟರ್ ಒಳವ್ಯಾಸದ ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಷ್, ಅಂದರೆ ಕೊಳವೆಯಂಥ ಬಳೆ, ಕೂರಿಸಿ. ಬರೀ ಫೈಬರ್‌ಗ್ಲಾಸಿನಲ್ಲಿ ಕೊರೆದ ತೂತು ಅದುರಿ ಅದುರಿ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಇಳಿಜಾರು ಬಿಟ್ಟು ನೇರ ಭಾಗವೇ ಕನಿಷ್ಠ 12 ಮಿಲಿಮೀಟರ್ ಬುಷ್‌ನೊಳಗೆ ಇರಬೇಕು. ತೂತಿನ ಜಾಗ ಗುರುತಿಸಲು ಅಗಳಿಯ ತುದಿಗೆ ನೀಲಿ ಮಾರ್ಕಿಂಗ್ ಬಣ್ಣ ಹಚ್ಚಿ, ಬಾಗಿಲು ಹಾಕಿ, ಹಿಡಿಕೆ ಮೆಲ್ಲಗೆ ತಿರುಗಿಸಿ. ಚುಕ್ಕೆ ಬಿದ್ದಲ್ಲಿ ಮೊದಲು 3 ಮಿಲಿಮೀಟರ್ ತೂತು, ಮತ್ತೊಮ್ಮೆ ತಾಳೆ ನೋಡಿದ ಮೇಲೆ ದೊಡ್ಡದು.

ಹಿಡಿಕೆಯಿಂದ ಅಗಳಿಗೆ ಹೋಗುವ ಸರಳುಗಳ ತಿರುಗುವ ಕೀಲುಗಳಲ್ಲಿ ನೈಲಾನ್ ಲಾಕ್‌ನಟ್ ಹಾಕಬೇಡಿ, ತಿರುಗಾಟಕ್ಕೆ ಅದು ಬಿಚ್ಚಿಕೊಳ್ಳಬಹುದು. ಕ್ಯಾಸಲ್ ನಟ್ (ತಲೆಯಲ್ಲಿ ಕಚ್ಚುಗಳಿರುವ ನಟ್) ಹಾಕಿ ಸ್ಪ್ಲಿಟ್ ಪಿನ್ ತೂರಿಸಿ. ತಿರುಗದ ಕಡೆ ಎಎನ್3 ಬೋಲ್ಟ್‌ಗೆ (3/16 ಇಂಚಿನ ವಿಮಾನದ ಬೋಲ್ಟ್) ಲಾಕ್‌ನಟ್ ಸರಿ, ಬಿಗಿ 20ರಿಂದ 25 ಇಂಚ್-ಪೌಂಡ್. ಬೋಲ್ಟ್ ತೂತಿನ ನಡುವಿನಿಂದ ತಗಡಿನ ಅಂಚಿಗೆ ಕನಿಷ್ಠ ಬೋಲ್ಟ್ ವ್ಯಾಸದ ಎರಡು ಪಟ್ಟು ಜಾಗ ಬಿಡಿ.

ಎರಡು ಅಗಳಿಯ ನಡುವೆ ಮೂರನೆಯದಾಗಿ ಒಂದು ಕೊಕ್ಕೆ ಬೇಕೇ ಬೇಕು. ಅದು ಅದೇ ಹಿಡಿಕೆಗೆ ಜೋಡಿಸಿದ್ದಾಗಬಾರದು. ಬಾಗಿಲು ಎಳೆದ ಕೂಡಲೇ ಸ್ಪ್ರಿಂಗ್ ಬಲದಿಂದ ತಾನೇ ಬೀಳಬೇಕು. ಹೊರಗಿನಿಂದಲೂ ಒಂದೇ ಕೈಯಲ್ಲಿ ಬಿಡಿಸುವಂತಿರಲಿ, ಅಪಘಾತದಲ್ಲಿ ಓಡಿ ಬಂದವರಿಗೆ ನಿಮ್ಮ ವಿಮಾನದ ಪರಿಚಯ ಇರುವುದಿಲ್ಲ. ವಿಮಾನ ಮಗುಚಿದರೆ ಮೇಲೆ ತೆರೆಯುವ ಬಾಗಿಲು ತೆರೆಯದೇ ಇರಬಹುದು, ಗಾಜು ಒಡೆಯಲು ಸುತ್ತಿಗೆ ಕೈಗೆಟಕುವಲ್ಲಿ ಕಟ್ಟಿಡಿ.

ದೀಪದ ವೈರಿಂಗ್: ಪ್ರತಿ ಬುಷ್‌ನ ಹಿಂದೆ ಒಂದು ಮೈಕ್ರೋ ಸ್ವಿಚ್, ಎರಡು ಬಾಗಿಲಿಗೆ ನಾಲ್ಕು. ಅಗಳಿ ಕೊನೆಯ 2 ಮಿಲಿಮೀಟರ್ ಒಳಬಂದಾಗ ಮಾತ್ರ ಅದು ಒತ್ತಬೇಕು. ನಾಲ್ಕನ್ನೂ ಒಂದರ ಹಿಂದೊಂದು ಸಾಲಾಗಿ (ಸೀರೀಸ್‌ನಲ್ಲಿ) ಸೇರಿಸಿ ಒಂದು ಹಸಿರು ದೀಪಕ್ಕೆ ಕೊಡಿ, ನಾಲ್ಕೂ ಒತ್ತಿದಾಗ ಮಾತ್ರ ಅದು ಉರಿಯುತ್ತದೆ. ಬಾಗಿಲು ಸರಿ ಇಲ್ಲದಾಗ ಉರಿಯುವ ಕೆಂಪು ದೀಪ ಹಾಕಿದರೆ, ಅದರ ವೈರ್ ತುಂಡಾದಾಗ ದೀಪ ಉರಿಯುವುದಿಲ್ಲ, ನೀವು ಎಲ್ಲ ಸರಿ ಎಂದುಕೊಳ್ಳುತ್ತೀರಿ. ಹಸಿರಿನ ವೈರ್ ತುಂಡಾದರೆ ದೀಪ ಆರುತ್ತದೆ, ನೀವು ನಿಲ್ಲುತ್ತೀರಿ. ಹಿಡಿಕೆಗೆ ಸ್ವಿಚ್ ಹಾಕಿದರೆ ಉಪಯೋಗವಿಲ್ಲ.

ವಿಜಯಪುರ, ಬಾಗಲಕೋಟೆಯ ಬಿಸಿಲಿಗೆ ಎಪಾಕ್ಸಿ (ಫೈಬರ್ ಪದರಗಳನ್ನು ಅಂಟಿಸುವ ರಾಳ) ಬಾಗಿಲು ಮೆತ್ತಗಾಗಿ ಆಕಾರ ಬಿಡಬಹುದು. ಬಿಳಿ ಬಣ್ಣವನ್ನೇ ಬಳಿಯಿರಿ, ಬಿಸಿಲಲ್ಲಿ ಬಾಗಿಲು ತೆರೆದಿಟ್ಟು ಹೋಗಬೇಡಿ. ಮಧ್ಯಾಹ್ನ ಮೂರಕ್ಕೂ ಬೆಳಗಿನ ಆರಕ್ಕೂ ಎರಡು ಸಲ ಅಗಳಿಯ ತಾಳೆ ನೋಡಿ. ಅಗಳಿಗೆ ಗ್ರೀಸ್ ಬೇಡ, ಎರೆಮಣ್ಣಿನ ಧೂಳು ಅದಕ್ಕೆ ಮೆತ್ತಿ ಸಾಣೆಯಂತೆ ಬುಷ್ ಸವೆಸುತ್ತದೆ. ಗ್ರಾಫೈಟ್ ಪುಡಿ ಅಲ್ಯೂಮಿನಿಯಂ ತಿನ್ನುತ್ತದೆ. ಒಣ ಟೆಫ್ಲಾನ್ ಸ್ಪ್ರೇ ಸಾಕು.

ಕೊನೆಗೆ ಒಬ್ಬರು ಒಳಗೆ ಕೂತು ಹಿಂದಿನ ಕೆಳಮೂಲೆಯನ್ನು ಅಂಗೈಯಿಂದ ಬಲವಾಗಿ ನೂಕಲಿ, ಇನ್ನೊಬ್ಬರು ಹೊರಗಿನಿಂದ ಸಂದಿ ಅಳೆಯಲಿ. 2 ಮಿಲಿಮೀಟರಿಗಿಂತ ಹೆಚ್ಚು ತೆರೆದುಕೊಂಡರೆ ಬಾಗಿಲಿನ ಅಂಚಿಗೆ ಒಳಗಿನಿಂದ ಇನ್ನಷ್ಟು ಫೈಬರ್ ಪದರ ಬೇಕು.

ಟೇಕಾಫ್ ಓಟದಲ್ಲಿ ಬಾಗಿಲು ಬಿಚ್ಚಿದರೆ, ರನ್‌ವೇ ಉಳಿದಿದ್ದರೆ ನಿಲ್ಲಿಸಿ. ನೆಲ ಬಿಟ್ಟಾಗಿದ್ದರೆ ಸದ್ದಿಗೆ, ಹಾರಾಡುವ ಕಾಗದಕ್ಕೆ ಗಮನ ಕೊಡದೆ ವೇಗ ಕಾಯ್ದುಕೊಳ್ಳಿ, ಸಾಮಾನ್ಯ ಸುತ್ತು ಹಾಕಿ ಇಳಿಯಿರಿ. ಬಾಗಿಲು ಎಳೆಯಲು ಕೈ ಚಾಚುವುದು ಚಕ್ರ ನೆಲದ ಮೇಲೆ ನಿಂತ ನಂತರ.