ಚನ್ನಪಟ್ಟಣದ ಮರದ ಗೊಂಬೆ ಕುಶಲಕರ್ಮಿಗಳ ಜೊತೆ ಡಿಸೈನ್ ಮಾಡೋದು ಹೇಗೆ

ಲ್ಯಾಪ್‌ಟಾಪಲ್ಲಿ ಡ್ರಾಯಿಂಗ್ ಮುಗಿಸಿಕೊಂಡು ಹೋಗ್ಬೇಡಿ, ಮೊದ್ಲು ಮೆಜೆಸ್ಟಿಕ್‌ನಿಂದ ಮೈಸೂರು ಕಡೆ ರೈಲು ಹತ್ತಿ, ಚನ್ನಪಟ್ಟಣ ಸುಮಾರು 60 ಕಿಮೀ ಅಷ್ಟೇ, ಒಂದಿನ ಸುಮ್ನೆ ಕೂತು ನೋಡಿ. ಆಲೆ ಅನ್ನೋ ಮೆದು ಮರದ ತುಂಡು ಲೇತಲ್ಲಿ (ಮರ ಕಡೆಯೋ ಯಂತ್ರ) ತಿರುಗ್ತಿರುತ್ತೆ, ಅದಕ್ಕೆ ಅರಗಿನ ಕಡ್ಡಿ ಒತ್ತಿದ್ರೆ ಉಜ್ಜಿದ ಬಿಸಿಗೇ ಕರಗಿ ಬಣ್ಣ ಹಿಡಿಯುತ್ತೆ, ಆಮೇಲೆ ತಾಳೆಗರಿಯಲ್ಲಿ ಉಜ್ಜಿದ್ರೆ ಹೊಳಪು. ಅಂದ್ರೆ ದುಂಡಗಿನ ಆಕಾರ ಸಲೀಸು, ಚೌಕ ಮೂಲೆ ಕೇಳಿದ್ರೆ ಕೆಲ್ಸ ಜಾಸ್ತಿ, ರೇಟೂ ಜಾಸ್ತಿ.

ಸ್ಯಾಂಪಲ್‌ಗೂ ದುಡ್ಡು ಕೊಡಿ, ಇದನ್ನ ನಮ್ ಬೆಂಗಳೂರು ಡಿಸೈನರ್‌ಗಳು ಆರಾಮಾಗಿ ಮರೀತಾರೆ (ನಾನೂ ಮರೆತಿದ್ದೆ, ಬೈಸ್ಕೊಂಡೆ). "ಅಣ್ಣ, ಇದನ್ನ ನೀವಾದ್ರೆ ಹೆಂಗ್ ಮಾಡ್ತೀರಾ?" ಅಂತ ಕೇಳಿ, ಅರ್ಧ ಡಿಸೈನ್ ಅಲ್ಲೇ ಸರಿಹೋಗುತ್ತೆ.

ಅರಗಿಗೆ ಬೆರೆಸೋಕೆ ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡ ಇದೆ, ಆದ್ರೆ ಪ್ರತಿ ಸಲ ಬಣ್ಣ ಒಂದೇ ಥರ ಬರಲ್ಲ ಅಂತ ಗಿರಾಕಿಗೆ ಮೊದ್ಲೇ ಹೇಳ್ಬಿಡಿ. ಹಸಿ ಮರ ಒಣಗದೇ ಕಡೆದ್ರೆ ಬಿರುಕು ಬಿಡುತ್ತೆ, ಹಾಗಾಗಿ ದಸರಾ ಆರ್ಡರ್‌ನ ಹಬ್ಬದ ಹಿಂದಿನ ವಾರ ಅಲ್ಲ, ಬೇಸಿಗೆಯಲ್ಲೇ ಕೊಡಿ. ಅರ್ಧ ಅಡ್ವಾನ್ಸ್ ಕೊಟ್ಬಿಡಿ, ಅರಗು ಮರ ತರೋಕೆ ಅವ್ರು ಸಾಲ ಮಾಡೋದು ತಪ್ಪುತ್ತೆ.